ಓದುಗರ ಪ್ರಶ್ನೆ, ವೈದ್ಯರ ಉತ್ತರ: ಹೊಟ್ಟೆ ಕೆಟ್ಟ ದಿನಗಳಲ್ಲಿ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ವಾಂತಿ-ಭೇದಿಯನ್ನು ಕುರಿತವು. ಮದುವೆ, ಬೀಗರೂಟಗಳ ಕಾಲ ಮುಗಿದು ಮೊದಲ ಮಳೆ ಬೀಳುವ ಹೊತ್ತಿಗೆ ನಮ್ಮ ಮಂಡ್ಯ-ಮೈಸೂರು ಭಾಗದಲ್ಲಿ ಇಂತಹ ರೋಗಿಗಳು ಹೆಚ್ಚುವುದನ್ನು ನಾನು ಕಾಣುತ್ತಲೇ ಬಂದಿದ್ದೇನೆ. ಐದು ಪತ್ರಗಳನ್ನು ಆರಿಸಿಕೊಂಡು ಉತ್ತರಿಸಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಆ ತಾಯಿಯ ಮನೆಯಲ್ಲಿ ನಡೆದದ್ದು ಬಹಳ ಮನೆಗಳಲ್ಲಿ ನಡೆಯುತ್ತದೆ.

ಪ್ರಶ್ನೆ: ಸಂಬಂಧಿಕರ ಬೀಗರೂಟಕ್ಕೆ ಹೋಗಿದ್ದೆವು. ಮಧ್ಯಾಹ್ನ ಎರಡು ಗಂಟೆಗೆ ಊಟ ಮಾಡಿದ ನನ್ನ ಯಜಮಾನರಿಗೆ ರಾತ್ರಿ ಹನ್ನೊಂದರ ಹೊತ್ತಿಗೆ ಹೊಟ್ಟೆ ನುಲಿಯತೊಡಗಿ, ಬೆಳಗಾಗುವುದರೊಳಗೆ ಎಂಟು-ಹತ್ತು ಸಲ ನೀರಾಗಿ ಭೇದಿಯಾಯಿತು. ಅವರು ಮಾರನೆಯ ದಿನವೇ ಸುಧಾರಿಸಿಕೊಂಡರು. ಮೂರು ದಿನಗಳ ಮೇಲೆ ನಮ್ಮ ನಾಲ್ಕು ವರ್ಷದ ಮಗನಿಗೆ ವಾಂತಿ-ಭೇದಿ ಶುರುವಾಯಿತು. ಅತ್ತೆಯವರು, ‘ಹೊಟ್ಟೆಗೆ ಏನೂ ಹಾಕಬೇಡಿ, ಹಾಕಿದಷ್ಟೂ ಹೋಗುತ್ತದೆ’ ಎಂದು ಒಂದು ಇಡೀ ದಿನ ನೀರನ್ನೂ ಸರಿಯಾಗಿ ಕೊಡಗೊಡಲಿಲ್ಲ. ಯಜಮಾನರು ತಮ್ಮ ಬಳಿ ಉಳಿದಿದ್ದ ಭೇದಿ ನಿಲ್ಲಿಸುವ ಮಾತ್ರೆಯಲ್ಲಿ ಅರ್ಧ ಕೊಡೋಣವೆಂದರು; ನಾನು ಒಪ್ಪಲಿಲ್ಲ. ಕೊನೆಗೆ ಮಗುವಿಗೆ ಒಂದು ರಾತ್ರಿ ಡ್ರಿಪ್ ಹಾಕಿಸಬೇಕಾಯಿತು. ನಾವು ಎಡವಿದ್ದು ಎಲ್ಲಿ?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಆ ಅರ್ಧ ಮಾತ್ರೆಯನ್ನು ಕೊಡಲು ನೀವು ಒಪ್ಪದೇ ಹೋದದ್ದು ಒಳ್ಳೆಯದಾಯಿತು. ಹಾಗೆ ಮನೆಗಳಲ್ಲಿ ಉಳಿದಿರುವ ಮಾತ್ರೆ ಸಾಮಾನ್ಯವಾಗಿ ಲೋಪೆರಮೈಡ್. ಅದು ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆಯೇ ಹೊರತು ರೋಗವನ್ನು ವಾಸಿ ಮಾಡುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಅದರಿಂದ ಕರುಳು ಸ್ತಬ್ಧವಾಗಿ ಹೊಟ್ಟೆ ಉಬ್ಬಬಹುದು, ಮಗು ಮಂಪರಿಗೆ ಹೋಗಬಹುದು. ಜ್ವರವಿದ್ದಾಗ ಅಥವಾ ಮಲದಲ್ಲಿ ರಕ್ತ ಕಂಡಾಗ ದೊಡ್ಡವರೂ ಅದನ್ನು ಮುಟ್ಟಬಾರದು.

ಅತ್ತೆಯವರ ಮಾತು ಅವರು ಕಣ್ಣಾರೆ ಕಂಡದ್ದರಿಂದಲೇ ಬಂದದ್ದು. ಹೊಟ್ಟೆಗೆ ಏನಾದರೂ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುವುದು ಎಲ್ಲರ ದೇಹದಲ್ಲಿಯೂ ಇರುವ ಸಹಜ ಗುಣ. ಹೊಟ್ಟೆ ಕೆಟ್ಟಾಗ ಅದು ಇನ್ನೂ ಜೋರಾಗುವುದರಿಂದ, ಒಂದು ಲೋಟ ನೀರು ಕುಡಿದ ಐದು ನಿಮಿಷಕ್ಕೆ ಭೇದಿಯಾದರೆ ಕುಡಿದದ್ದೇ ಹೊರಟುಹೋಯಿತೆಂದು ಅನ್ನಿಸುತ್ತದೆ. ಹೊರಗೆ ಬಂದದ್ದು ಮೊದಲೇ ಕರುಳಿನಲ್ಲಿ ಸೇರಿಕೊಂಡಿದ್ದ ನೀರು. ಈಗ ಕುಡಿದದ್ದು ಇನ್ನೂ ಮೇಲೆಯೇ ಇದ್ದು, ಅದರ ಬಹುಪಾಲು ರಕ್ತಕ್ಕೆ ಸೇರುತ್ತದೆ. ಕುಡಿಯುವುದನ್ನು ನಿಲ್ಲಿಸಿದರೆ ಭೇದಿ ನಿಲ್ಲುವುದಿಲ್ಲ, ಒಳಗೆ ಬರುವ ನೀರು ಮಾತ್ರ ನಿಲ್ಲುತ್ತದೆ. ಲಂಘನವೇ ಪರಮೌಷಧ ಎಂಬ ಮಾತನ್ನು ವಾಂತಿ-ಭೇದಿಯಾದ ಮಗುವಿನ ವಿಷಯದಲ್ಲಿ ದಯವಿಟ್ಟು ಬಳಸಬೇಡಿ. ಈ ಕಾಯಿಲೆಯಲ್ಲಿ ಜೀವಕ್ಕೆ ಎರವಾಗುವುದು ಹೆಚ್ಚಾಗಿ ಭೇದಿಯಲ್ಲ, ಅದರೊಂದಿಗೆ ಹೊರಟುಹೋಗುವ ನೀರು ಮತ್ತು ಉಪ್ಪು.

ಬರಿಯ ನೀರು ಸಾಲದೇ ಎಂದು ಕೇಳುವವರಿದ್ದಾರೆ. ಸಣ್ಣ ಕರುಳಿನ ಒಳಪದರದಲ್ಲಿ ಉಪ್ಪಿನ ಸೋಡಿಯಂ ಅಂಶ ಮತ್ತು ಗ್ಲೂಕೋಸ್ ಜೊತೆಜೊತೆಯಾಗಿ ಒಳಗೆ ಹೋಗುವ ಒಂದು ದ್ವಾರವಿದೆ. ಅವೆರಡೂ ಹೋದೆಡೆಗೆ ನೀರು ಹಿಂಬಾಲಿಸುತ್ತದೆ. ಕಾಲರಾದಂತಹ ಕಡು ಭೇದಿಯಲ್ಲಿಯೂ ಈ ದ್ವಾರ ಕೆಲಸ ಮಾಡುತ್ತಲೇ ಇರುತ್ತದೆ ಎಂಬುದೇ ಒಆರ್‌ಎಸ್‌ನ, ಅಂದರೆ ಉಪ್ಪು ಮತ್ತು ಗ್ಲೂಕೋಸನ್ನು ಅಳತೆಯಲ್ಲಿ ಬೆರೆಸಿದ ನೀರಿನ, ಗುಟ್ಟು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರಾವಣ ಸಾಲದೇ ಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು-ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಸರ್ಕಾರ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು. ‘ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ ಡಾಕ್ಟರೇ’ ಎಂದು ನಡೆದುಕೊಂಡೇ ಬಂದವರು ಕೇಳುವಾಗಲೆಲ್ಲ ನಾನು ಈ ಸಂಗತಿಯನ್ನು ಹೇಳುತ್ತೇನೆ. ಕುಡಿಯಬಲ್ಲವರಿಗೆ ಬಾಯಿಯೇ ಸಾಕು. ಕುಡಿದದ್ದೆಲ್ಲ ವಾಂತಿಯಾಗುವವರಿಗೆ, ಮಂಪರಾದವರಿಗೆ ಮತ್ತು ತೀವ್ರವಾಗಿ ನೀರು ಕಳೆದುಕೊಂಡವರಿಗೆ ಡ್ರಿಪ್ ಬೇಕು. ನಿಮ್ಮ ಮಗನಿಗೆ ಹಾಕಿದ್ದು ಸರಿಯೇ. ಆದರೆ ಹಿಂದಿನ ದಿನ ಬೆಳಗ್ಗೆಯೇ ಕುಡಿಸಲು ಆರಂಭಿಸಿದ್ದರೆ ಬಹುಶಃ ಆ ರಾತ್ರಿ ತಪ್ಪುತ್ತಿತ್ತು.

ಕಲಸುವ ಅಳತೆಯಲ್ಲಿ ತಪ್ಪಬಾರದು. ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು, ಮಗು ಒಆರ್‌ಎಸ್ ಕುಡಿಯುವುದಿಲ್ಲವೆಂದು, ಕಲಸಿದ್ದನ್ನು ಸ್ಟೀಲ್ ಲೋಟದ ಸಮೇತ ತಂದು ನನ್ನ ಮೇಜಿನ ಮೇಲಿಟ್ಟರು. ನಾಲಿಗೆಗೆ ಹಚ್ಚಿ ನೋಡಿದರೆ ಉಪ್ಪಿನಕಾಯಿಯ ರಸದಷ್ಟು ಉಪ್ಪು. ಒಂದು ಲೀಟರಿಗೆ ಬೆರೆಸಬೇಕಾದ ಪೊಟ್ಟಣವನ್ನು ಅರ್ಧರ್ಧ ಮಾಡಿ ಎರಡು ಲೋಟ ನೀರಿಗೆ ಹಾಕಿದ್ದರು. ಹಾಗೆ ಗಟ್ಟಿಯಾದ ದ್ರಾವಣ ಮಗುವಿನ ರಕ್ತದಲ್ಲಿ ಉಪ್ಪನ್ನು ಏರಿಸಿ ಮೆದುಳಿಗೇ ಅಪಾಯ ತರಬಲ್ಲದು. 20 ಗ್ರಾಂ ಚಿಲ್ಲರೆ ತೂಕದ ದೊಡ್ಡ ಪೊಟ್ಟಣ ಒಂದು ಲೀಟರಿಗೆ. ನಾಲ್ಕು ಗ್ರಾಂ ಚಿಲ್ಲರೆಯ ಚಿಕ್ಕದು 200 ಮಿಲಿಲೀಟರಿಗೆ. ಯಾವುದಾದರೂ ಮೇಲೆ ಬರೆದಿರುವುದನ್ನು ಓದಿ, ಪೂರ್ತಿ ಪೊಟ್ಟಣವನ್ನು ಒಂದೇ ಸಲ ಕಲಸಿ. 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ. ಪೊಟ್ಟಣ ಸಿಗದ ಹೊತ್ತಿನಲ್ಲಿ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆ ಸವರಿದ ಆರು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಸಾಕು. ಕುಡಿಸುವ ಮುನ್ನ ನೀವು ರುಚಿ ನೋಡಿ. ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿದ್ದರೆ ಅದನ್ನು ಕೊಡಬೇಡಿ.

ವಾಂತಿ ಮಾಡುತ್ತಿರುವ ಮಗುವಿಗೆ ಲೋಟ ಕೊಟ್ಟರೆ ದಾಹದಿಂದ ಗಟಗಟನೆ ಕುಡಿದು ಮತ್ತೆ ಕಕ್ಕುತ್ತದೆ. ಮಡಿಲಲ್ಲಿ ಕೂರಿಸಿಕೊಂಡು, ನಿಮಿಷಕ್ಕೊಂದು ಚಮಚದಂತೆ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಮುಂದುವರಿಸಿ. ಇದು ತಾಳ್ಮೆ ಬೇಡುವ ಕೆಲಸ. ಮನೆಯವರೆಲ್ಲ ಸರದಿಯಲ್ಲಿ ಕುಳಿತರೆ ತಾಯಿಗೂ ಉಸಿರಾಡಲು ಬಿಡುವಾಗುತ್ತದೆ, ಅತ್ತೆಯವರಿಗೂ ಮಗು ಚೇತರಿಸಿಕೊಳ್ಳುವುದು ಕಣ್ಣೆದುರಿಗೇ ಕಾಣುತ್ತದೆ. ನಿಮ್ಮ ಮಗನ ವಯಸ್ಸಿಗೆ ಪ್ರತಿ ಭೇದಿಗೆ 100ರಿಂದ 200 ಮಿಲಿಲೀಟರ್, ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್ ಲೆಕ್ಕ ಇಟ್ಟುಕೊಳ್ಳಬಹುದು. ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಐದು ವರ್ಷದೊಳಗಿನ ಮಕ್ಕಳಿಗೆ ಇದರೊಂದಿಗೆ ಸತುವಿನ, ಅಂದರೆ ಜಿಂಕ್ ಮಾತ್ರೆಯನ್ನು 14 ದಿನ ಕೊಡುವ ಕ್ರಮ ನಮ್ಮ ದೇಶದಲ್ಲಿದೆ: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ. ಭೇದಿ ಎರಡೇ ದಿನಕ್ಕೆ ನಿಂತರೂ 14 ದಿನ ಪೂರೈಸಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಒಆರ್‌ಎಸ್ ಮತ್ತು ಜಿಂಕ್ ಎರಡನ್ನೂ ಒದಗಿಸುತ್ತಾರೆ.

ಇನ್ನು ಊಟ. ವಾಂತಿ ಹತೋಟಿಗೆ ಬಂದು ಹಸಿವು ತಲೆಯೆತ್ತಿದ ಕೂಡಲೇ ತಿನ್ನಿಸಬೇಕು. ಕರುಳಿನ ಒಳಪದರ ಹೊಸದಾಗಿ ಬೆಳೆಯಲು ಆಹಾರವೇ ಬೇಕು. ಉಪವಾಸ ಆ ಕೆಲಸವನ್ನು ಮುಂದೂಡುತ್ತದೆ. ಉಪ್ಪು ಹಾಕಿದ ಅಕ್ಕಿಗಂಜಿಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಅಕ್ಕಿಯ ಪಿಷ್ಟ ಕರುಳಿನಲ್ಲಿ ಮೆಲ್ಲಮೆಲ್ಲನೆ ಗ್ಲೂಕೋಸ್ ಆಗಿ ಬಿಡುಗಡೆಯಾಗುವುದರಿಂದ, ನಾನು ಮೇಲೆ ಹೇಳಿದ ದ್ವಾರಕ್ಕೆ ಅದು ಬಿಡದೆ ಕೆಲಸ ಕೊಡುತ್ತದೆ. ನಮ್ಮ ಅಜ್ಜಿಯರ ಗಂಜಿಯನ್ನು ಯಾರೂ ಹಗುರವಾಗಿ ಕಾಣಬೇಕಾಗಿಲ್ಲ. ಮೆತ್ತಗೆ ಬೆಂದ ಅನ್ನಕ್ಕೆ ಮಜ್ಜಿಗೆ ಅಥವಾ ತಿಳಿಸಾರು, ಹೆಸರುಬೇಳೆ ಹಾಕಿದ ಅನ್ನ, ಇಡ್ಲಿ, ಬಾಳೆಹಣ್ಣು ಇವೆಲ್ಲ ಆಗುತ್ತವೆ. ಮುದ್ದೆ ತಿಂದು ಬೆಳೆದವರಿಗೆ ಎರಡು ದಿನ ಅದಿಲ್ಲದಿದ್ದರೆ ಊಟ ಮಾಡಿದಂತೆ ಆಗುವುದಿಲ್ಲ ಎಂಬುದು ನನಗೆ ಗೊತ್ತು. ಭೇದಿ ಕಡಿಮೆಯಾದ ಮೇಲೆ ಚಿಕ್ಕದೊಂದು ಮುದ್ದೆಯನ್ನು ಉಪ್ಪುಸಾರಿನೊಂದಿಗೆ ಉಣ್ಣಲಿ. ನಮ್ಮಲ್ಲಿ ಖಾರವನ್ನು ಬೇರೆಯಾಗಿ ಅರೆದು ಬಡಿಸುವುದರಿಂದ ಅದನ್ನು ಮುಟ್ಟದೆ ಉಣ್ಣುವುದು ಸುಲಭ.

ಮಗುವಿನ ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಆರು ಗಂಟೆ ಕಾಲ ಮೂತ್ರ ಮಾಡದಿದ್ದರೆ, ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಹಿಡಿದೆತ್ತಿ ಬಿಟ್ಟಾಗ ಅದು ತಕ್ಷಣ ಮಟ್ಟಸವಾಗದೆ ನಿಧಾನವಾಗಿ ಇಳಿದರೆ, ಮನೆಯಲ್ಲಿ ಕಾಯುತ್ತಾ ಕೂರಬೇಡಿ. ಮಲದಲ್ಲಿ ರಕ್ತ, ಹಸಿರು ಬಣ್ಣದ ವಾಂತಿ, 102 ಡಿಗ್ರಿ ದಾಟಿದ ಜ್ವರ, ಕರೆದರೆ ಓಗೊಡದಂತಹ ಮಂಪರು ಕಂಡರೂ ಹಾಗೆಯೇ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ಎಚ್ಚರವಾಗಿರುವ ಮಗುವಿಗೆ ಚಮಚದಲ್ಲಿ ಕುಡಿಸುತ್ತಲೇ ಇರಿ.

ಯಜಮಾನರಿಗೆ ಆದದ್ದಕ್ಕೂ ಮಗುವಿಗೆ ಆದದ್ದಕ್ಕೂ ಕಾರಣ ಒಂದೇ ಇರಲಾರದು. ಊಟವಾದ ಒಂಬತ್ತು ಗಂಟೆಗೆ ನುಲಿತ ಮತ್ತು ಭೇದಿ, ವಾಂತಿಯಿಲ್ಲ, ಒಂದೇ ದಿನದಲ್ಲಿ ಗುಣ ಎಂದರೆ ಅದು ದೊಡ್ಡ ಡಬರಿಗಳಲ್ಲಿ ಬೆಂದ ಮಾಂಸದ ಸಾರಿನಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಲಕ್ಷಣವನ್ನು ಬಹಳವಾಗಿ ಹೋಲುತ್ತದೆ. ಅದರ ಬೀಜಕಣಗಳು ಕುದಿಯುವ ಶಾಖವನ್ನೂ ತಡೆದುಕೊಂಡು, ಸಾರು ಉಗುರುಬೆಚ್ಚಗೆ ಗಂಟೆಗಟ್ಟಲೆ ನಿಂತಾಗ ಮೊಳೆಯುತ್ತವೆ. ಬೆಳಗಿನ ಜಾವ ಅಡುಗೆ ಮುಗಿಸಿ ಮಧ್ಯಾಹ್ನ ಎರಡಕ್ಕೆ ಬಡಿಸುವಲ್ಲಿ, ಡಬರಿಯ ಕೆಳಗೆ ಬೆಂಕಿ ಆರದಂತೆ ನೋಡಿಕೊಳ್ಳುವುದೊಂದೇ ಇದಕ್ಕೆ ದಾರಿ. ಮೂರನೆಯ ದಿನ ಮಗುವಿಗೆ ಬಂದದ್ದು ಮಕ್ಕಳಲ್ಲಿ ಸಾಮಾನ್ಯವಾದ ವೈರಸ್ಸಿನ ಭೇದಿ ಇರಬೇಕು.

ಪ್ರಶ್ನೆ: ನಮ್ಮದು ತೆಂಗಿನ ತೋಟ. ಹೊಟ್ಟೆ ಕೆಟ್ಟಾಗ ಎಳನೀರು ಕುಡಿದರೆ ಒಆರ್‌ಎಸ್ ಬೇಡವೆಂದು ಹೇಳುತ್ತಾರೆ. ಅಂಗಡಿಯಲ್ಲಿ ಸಿಗುವ ರಟ್ಟಿನ ಪೊಟ್ಟಣದ ಪಾನೀಯಗಳು ಆಗುತ್ತವೆಯೇ?
– ಓದುಗರು, ಮಂಡ್ಯ

ಉತ್ತರ: ಎಳನೀರು ಒಳ್ಳೆಯದು, ಆದರೆ ಅದು ಒಆರ್‌ಎಸ್‌ಗೆ ಬದಲಿಯಲ್ಲ. ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ, ಭೇದಿಯಲ್ಲಿ ಹೆಚ್ಚಾಗಿ ನಷ್ಟವಾಗುವ ಸೋಡಿಯಂ ಕಡಿಮೆ. ದಿನಕ್ಕೆ ಒಂದೆರಡು ಎಳನೀರನ್ನು ಚಿಟಿಕೆ ಉಪ್ಪಿನೊಂದಿಗೆ ಕುಡಿಯಿರಿ, ಒಆರ್‌ಎಸ್ ಅನ್ನೂ ಕುಡಿಯಿರಿ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಎಳನೀರು ಕುಡಿಯಬಾರದು. ರಟ್ಟಿನ ಪೊಟ್ಟಣದ ಸಿಹಿ ಪಾನೀಯ, ಹಣ್ಣಿನ ರಸ, ಸೋಡಾ, ಕಬ್ಬಿನ ಹಾಲು ಇವು ಬೇಡ. ಅತಿಯಾದ ಸಕ್ಕರೆ ದೇಹದ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಇಂತಹ ಪಾನೀಯಗಳ ಹೆಸರಿನಲ್ಲಿ ‘ಒಆರ್‌ಎಸ್’ ಎಂಬ ಪದವನ್ನು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಔಷಧಿ ಅಂಗಡಿಯಲ್ಲಿ ಕೇಳುವಾಗ ಆ ಸೂತ್ರದ ಹೆಸರು ಪೊಟ್ಟಣದ ಮೇಲೆ ಇದೆಯೇ ಎಂದು ನೋಡಿ ಕೊಳ್ಳಿ.

ಪ್ರಶ್ನೆ: ನಮ್ಮ ಮಾವನವರಿಗೆ 72 ವರ್ಷ. ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಎರಡಕ್ಕೂ ಮಾತ್ರೆ ನುಂಗುತ್ತಾರೆ. ಎರಡು ದಿನ ಭೇದಿಯಾಗಿ, ಬಚ್ಚಲಿಗೆ ಎದ್ದು ಹೋಗುವಾಗ ತಲೆಸುತ್ತಿ ಗೋಡೆ ಹಿಡಿದು ನಿಂತರು. ಸಕ್ಕರೆ ಇದೆಯೆಂದು ಒಆರ್‌ಎಸ್ ಕುಡಿಯಲು ಒಪ್ಪುವುದಿಲ್ಲ. ಏನು ಮಾಡಲಿ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಅವರಿಗೆ ಈ ಲೆಕ್ಕವನ್ನು ಓದಿ ಹೇಳಿ. ಒಂದು ಲೀಟರ್ ಒಆರ್‌ಎಸ್‌ನಲ್ಲಿ ಇರುವ ಗ್ಲೂಕೋಸ್ 13.5 ಗ್ರಾಂ. 200 ಮಿಲಿಲೀಟರಿನ ಒಂದು ಲೋಟಕ್ಕೆ ಅದು ಮೂರು ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚವೂ ಆಗುವುದಿಲ್ಲ. ಅದರಿಂದ ಆಗಬಹುದಾದ ಏರಿಕೆಗಿಂತ, ನೀರು ಬತ್ತಿ ಮೂತ್ರಪಿಂಡ ಸೋಲುವ ಅಪಾಯ ಎಷ್ಟೋ ದೊಡ್ಡದು. ಅವರು ಧೈರ್ಯವಾಗಿ ಕುಡಿಯಲಿ, ನೀವು ಸಕ್ಕರೆಯ ಮಟ್ಟವನ್ನು ದಿನಕ್ಕೆ ಎರಡು-ಮೂರು ಸಲ ನೋಡುತ್ತಿರಿ. ಹೃದಯ ದುರ್ಬಲವಾಗಿ ಕಾಲು ಊದಿಕೊಳ್ಳುವವರು ಮಾತ್ರ ಎಷ್ಟು ಕುಡಿಯಬೇಕೆಂದು ವೈದ್ಯರಿಂದಲೇ ತಿಳಿಯಬೇಕು.

ಎದ್ದು ನಿಂತಾಗ ತಲೆಸುತ್ತಿದ್ದು ನನಗೆ ಆತಂಕ ತಂದಿದೆ. ವಯಸ್ಸಾದವರಿಗೆ ದಾಹ ಸರಿಯಾಗಿ ತಿಳಿಯುವುದಿಲ್ಲ. ಅವರ ಚರ್ಮ ಹೇಗೂ ಸಡಿಲವಾಗಿರುವುದರಿಂದ ಚರ್ಮ ಹಿಡಿದು ನೋಡುವ ಪರೀಕ್ಷೆಯೂ ಅವರಲ್ಲಿ ನೆಚ್ಚುವಂತಹದಲ್ಲ. ಒಣಗಿದ ನಾಲಿಗೆ, ಕಡುಹಳದಿಯಾದ ಅಲ್ಪ ಮೂತ್ರ, ನಿಂತಾಗ ಕಣ್ಣು ಕತ್ತಲೆಗಟ್ಟುವುದು ಇವನ್ನೇ ನೋಡಬೇಕು. ಟೆಲ್ಮಿಸಾರ್ಟನ್, ರಾಮಿಪ್ರಿಲ್ ತರಹದ ಬಿ.ಪಿ. ಮಾತ್ರೆಗಳು, ಮೂತ್ರ ಹೆಚ್ಚಿಸುವ ಮಾತ್ರೆಗಳು, ಸಕ್ಕರೆಯ ಮೆಟ್‌ಫಾರ್ಮಿನ್, ಹಾಗೂ ಹೆಸರು ‘ಫ್ಲೋಜಿನ್’ ಎಂದು ಮುಗಿಯುವ ಹೊಸ ಮಾತ್ರೆಗಳು ದೇಹ ಬತ್ತಿದಾಗ ತೊಂದರೆ ಕೊಡಬಲ್ಲವು. ಅವುಗಳಲ್ಲಿ ಕೆಲವನ್ನು ಭೇದಿ ನಿಲ್ಲುವವರೆಗೆ ತಡೆಹಿಡಿಯಬೇಕಾಗಬಹುದು. ಯಾವುದನ್ನು ಎಂಬುದನ್ನು ಅವರ ವೈದ್ಯರು ಹೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ತಾವಾಗಿ ನಿಲ್ಲಿಸಲೇಬಾರದು. ಇಂತಹ ರೋಗಿಯನ್ನು ಮಾತ್ರೆಗಳ ಚೀಲದ ಸಮೇತ ಅದೇ ದಿನ ವೈದ್ಯರಿಗೆ ತೋರಿಸಿ. ರಾತ್ರಿ ಹೊತ್ತು ಅವರೊಬ್ಬರೇ ಬಚ್ಚಲಿಗೆ ಹೋಗದಂತೆ ನೋಡಿಕೊಳ್ಳಿ. ಬಿದ್ದು ಸೊಂಟದ ಮೂಳೆ ಮುರಿದರೆ ಭೇದಿಗಿಂತ ದೊಡ್ಡ ಸಂಕಟವಾಗುತ್ತದೆ.

ಪ್ರಶ್ನೆ: ನಾನು ಮೈಸೂರಿನಲ್ಲಿ ಪಿ.ಜಿ.ಯಲ್ಲಿದ್ದು ಓದುತ್ತಿದ್ದೇನೆ. ಮೂರು ವಾರಗಳ ಹಿಂದೆ ಜೋರಾಗಿ ಭೇದಿಯಾಗಿ ನಾಲ್ಕು ದಿನಕ್ಕೆ ನಿಂತಿತು. ಆದರೆ ಈಗಲೂ ಬೆಳಗಿನ ಕಾಫಿ ಕುಡಿದ ಅರ್ಧ ಗಂಟೆಗೆ ಹೊಟ್ಟೆ ಗುಡುಗುಡು ಎಂದು ಉಬ್ಬರಿಸಿ, ಕಾಲೇಜಿಗೆ ಹೊರಡುವಷ್ಟರಲ್ಲಿ ಎರಡು ಸಲ ಓಡಬೇಕಾಗುತ್ತದೆ. ಸ್ನೇಹಿತರು ಮತ್ತೊಂದು ಕೋರ್ಸ್ ಆಂಟಿಬಯಾಟಿಕ್ ನುಂಗು ಎನ್ನುತ್ತಾರೆ. ಊರಿಗೆ ಮೈಸೂರ್ ಪಾಕ್ ಕೊಂಡೊಯ್ಯುವಾಗ ಅದನ್ನೂ ತಿನ್ನಲು ಭಯವಾಗುತ್ತದೆ.
– ವಿದ್ಯಾರ್ಥಿನಿ, ಸರಸ್ವತಿಪುರಂ

ಉತ್ತರ: ನಿಮ್ಮ ಕಾಫಿಯಲ್ಲಿರುವ ಹಾಲನ್ನು ಮೊದಲು ಅನುಮಾನಿಸಬೇಕು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಸಣ್ಣ ಕರುಳಿನ ಒಳಪದರದ ಸೂಕ್ಷ್ಮವಾದ ಕುಚ್ಚುಗಳ ತುದಿಯಲ್ಲಿರುತ್ತದೆ. ಭೇದಿಯಲ್ಲಿ ಮೊದಲು ಸವೆಯುವುದು ಆ ತುದಿಗಳೇ. ಅವು ಮತ್ತೆ ಬೆಳೆಯಲು ಕೆಲವು ವಾರಗಳು ಹಿಡಿಯಬಹುದು. ಅಲ್ಲಿಯವರೆಗೆ ಜೀರ್ಣವಾಗದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿದು, ಅಲ್ಲಿ ಹುದುಗಿ ಗಾಳಿಯಾಗಿ, ನೀವು ಹೇಳುವ ಗುಡುಗುಡು ಶಬ್ದವಾಗುತ್ತದೆ. ಎರಡು ವಾರ ಹಾಲು ಬಿಡಿ. ಮೊಸರು, ಮಜ್ಜಿಗೆ ಹೆಚ್ಚಿನವರಿಗೆ ಒಗ್ಗುತ್ತವೆ, ಏಕೆಂದರೆ ಹೆಪ್ಪಾಗುವಾಗ ಲ್ಯಾಕ್ಟೋಸ್‌ನ ಒಂದು ಪಾಲು ಖರ್ಚಾಗಿರುತ್ತದೆ. ಡಿಕಾಕ್ಷನ್ನೂ ಕರುಳನ್ನು ಕೆರಳಿಸುವುದರಿಂದ, ಬರಿಹೊಟ್ಟೆಗೆ ಕುಡಿಯುವ ಅಭ್ಯಾಸವನ್ನು ಈ ಎರಡು ವಾರ ಪಕ್ಕಕ್ಕಿಡಿ. ಮೈಸೂರ್ ಪಾಕ್‌ನಲ್ಲಿ ಇರುವುದು ಕಡಲೆಹಿಟ್ಟು, ಸಕ್ಕರೆ ಮತ್ತು ತುಪ್ಪ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆಂದರೂ ನಡೆಯುತ್ತದೆ. ಅದರ ಜಿಡ್ಡು ಭಾರವಾಗುವುದರಿಂದ ಒಂದು ಚಿಕ್ಕ ತುಂಡಿಗೆ ನಿಲ್ಲಿಸಿ, ಭಯಪಡಬೇಡಿ.

ಆಂಟಿಬಯಾಟಿಕ್ ಬೇಡವೇ ಬೇಡ. ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಸೇರಿಸಿದ ಗುಳಿಗೆಯನ್ನು ಭೇದಿ ಎಂದೊಡನೆ ಕೊಳ್ಳುವ ರೂಢಿ ನಮ್ಮಲ್ಲಿ ಬೇರುಬಿಟ್ಟಿರುವುದು ನನಗೆ ಬಹಳ ನೋವಿನ ಸಂಗತಿ. ವೈರಸ್ಸಿನ ಭೇದಿಗೆ ಅದು ನಾಟುವುದಿಲ್ಲ. ಕರುಳಿನ ಹಿತಕರ ಸೂಕ್ಷ್ಮಜೀವಿಗಳನ್ನು ಕೊಂದು, ಕೆಲವೊಮ್ಮೆ ಅದೇ ಭೇದಿಗೆ ಕಾರಣವಾಗುತ್ತದೆ. ಕರುಳಿನ ಸೋಂಕು ತಗುಲಿದ ಹತ್ತರಲ್ಲಿ ಸುಮಾರು ಒಬ್ಬರಿಗೆ ಹೊಟ್ಟೆಯ ಸೂಕ್ಷ್ಮತೆ ತಿಂಗಳುಗಟ್ಟಲೆ ಉಳಿಯಬಹುದು; ಅದು ಕಾಡುತ್ತದೆಯಾದರೂ ಅಪಾಯಕಾರಿಯಲ್ಲ. ಆದರೆ ತೂಕ ಇಳಿಯುತ್ತಿದ್ದರೆ, ನಿದ್ದೆಯಿಂದ ಎಬ್ಬಿಸುವಂತೆ ಭೇದಿಯಾಗುತ್ತಿದ್ದರೆ, ರಕ್ತ ಅಥವಾ ಜ್ವರ ಕಂಡರೆ, ಅಥವಾ ಹಾಲು ಬಿಟ್ಟ ಎರಡು ವಾರಕ್ಕೂ ಬದಲಾವಣೆ ಇಲ್ಲದಿದ್ದರೆ ಮಲಪರೀಕ್ಷೆ ಮಾಡಿಸಿ. ಜಿಯಾರ್ಡಿಯಾ ಎಂಬ ಪರಾವಲಂಬಿ ಹೀಗೆ ವಾರಗಟ್ಟಲೆ ಎಳೆದಾಡಿಸುವುದುಂಟು, ಅದಕ್ಕೆ ಬೇರೆಯದೇ ಔಷಧವಿದೆ.

ಪ್ರಶ್ನೆ: ನಾನು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಮೊನ್ನೆ ಎರಡು ದಿನ ಹೊಟ್ಟೆ ಕೆಟ್ಟಿತ್ತು, ಈಗ ನಿಂತಿದೆ. ರಜೆ ಹಾಕಿದರೆ ಅಡುಗೆಗೆ ಇನ್ನೊಬ್ಬರೇ ಆಗುತ್ತಾರೆಂದು ಸಂಕೋಚ. ಇವತ್ತೇ ಕೆಲಸಕ್ಕೆ ಹೋಗಬಹುದೇ?
– ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಕೇಳಿದ್ದಕ್ಕೆ ನಿಮಗೆ ಕೃತಜ್ಞತೆ, ತಾಯಿ. ಕೊನೆಯ ವಾಂತಿ ಅಥವಾ ಭೇದಿಯಾಗಿ 48 ಗಂಟೆ ಕಳೆಯುವವರೆಗೆ ಅಡುಗೆ ಮನೆಗೆ ಹೋಗಬೇಡಿ. ತರಕಾರಿ ಹೆಚ್ಚುವುದೂ, ಬಡಿಸುವುದೂ ಬೇಡ. ಮೈ ಹಗುರಾದ ಮೇಲೆಯೂ ಮಲದಲ್ಲಿ ರೋಗಾಣು ಹೊರಬರುತ್ತಲೇ ಇರುತ್ತದೆ. ಹೋದ ಮೇಲೂ ಕೆಲವು ವಾರ ಶೌಚದ ನಂತರ ಸೋಪು ಹಚ್ಚಿ, ಉಗುರಿನ ಸಂದಿಯವರೆಗೆ ಉಜ್ಜಿ, ಹರಿಯುವ ನೀರಿನಲ್ಲಿ ಕೈ ತೊಳೆಯಿರಿ. ಕೈಗೆ ಸವರುವ ಸ್ಯಾನಿಟೈಸರ್ ಭೇದಿಯ ಕೆಲವು ವೈರಸ್‌ಗಳ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೆರಳಲ್ಲಿ ಕೀವಾದ ಗಾಯವಿದ್ದಾಗ ಚಿತ್ರಾನ್ನ ಕಲಸುವಂತಹ ಕೆಲಸವನ್ನು ಇನ್ನೊಬ್ಬರಿಗೆ ಬಿಡಿ. ಆ ಕೀವಿನ ಬ್ಯಾಕ್ಟೀರಿಯಾ ಅನ್ನದಲ್ಲಿ ಉಂಟುಮಾಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನಿಮಗೆ ಜ್ವರವೂ ಇದ್ದಿದ್ದರೆ ಟೈಫಾಯ್ಡ್ ಅಲ್ಲವೆಂದು ಪರೀಕ್ಷೆ ಮಾಡಿಸಿಕೊಂಡೇ ಹೋಗಬೇಕು. ರಜೆ ಕೇಳಲು ಸಂಕೋಚವಾದರೆ ಈ ಪುಟವನ್ನೇ ಮುಖ್ಯೋಪಾಧ್ಯಾಯರಿಗೆ ತೋರಿಸಿ, ವೈದ್ಯರು ಹೇಳಿದ್ದಾರೆಂದು ತಿಳಿಸಿ.